ಕೈಮಾತು

2003ನೇ ಇಸವಿ ಜೂನ್ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ವಾರಿಜಾ ಎಂಬವರು ಒಂದು ಕಟ್ಟು ಫಾರಂ ಹಿಡಿದುಕೊಂಡು ಮೌನೇಶನ ಮನೆಯ ಮೆಟ್ಟಿಲು ಹತ್ತಿ ಬಂದರು. ಬಿಟಿಎಂ ಲೇಔಟಿನ ಎರಡನೇ ಹಂತದಲ್ಲಿ ಪಿಳ್ಳಣ್ಣ ಎಂಬವರ ಕಟ್ಟಡ ಅದು. ಕೆಳಗೆ ಪಿಳ್ಳಣ್ಣ ಮತ್ತು ಅವರ ಹೆಂಡತಿ ಮಂಗಮ್ಮ ಇದ್ದರು. ಮೇಲೆ ಎರಡು ಕೋಣೆ, ಒಂದು ಅಡಿಗೆಮನೆ. ಅದರಲ್ಲಿ ಮೌನೇಶನ ಸಂಸಾರ.

ವಾರಿಜಾ ಹನುಮಂತನಗರದವರು, ನಲವತ್ತೈದರ ಆಸುಪಾಸು. ಒಂದು ಸಂಶೋಧನಾ ಸಂಸ್ಥೆಗಾಗಿ ಮನೆಮನೆ ತಿರುಗಿ ಮಾಹಿತಿ ಬರೆದುಕೊಳ್ಳುವುದು ಅವರ ಕೆಲಸ. ಈ ಸಲದ ವಿಷಯ, ತಾಯಿ ದುಡಿಯಲು ಹೋಗುವ ಮನೆಗಳಲ್ಲಿ ಸಣ್ಣ ಮಕ್ಕಳನ್ನು ಹಗಲು ಯಾರು ನೋಡಿಕೊಳ್ಳುತ್ತಾರೆ ಎಂಬುದು.

"ಅರ್ಧ ಗಂಟೆ ಸಾಕು" ಎಂದು ಚಪ್ಪಲಿ ಬಿಟ್ಟು ಒಳಗೆ ಬಂದರು. ಭಾಗ್ಯಜ್ಯೋತಿ ಚಾಪೆ ಹಾಸಿದಳು. ಅವಳು ಜಯನಗರ ಒಂಬತ್ತನೇ ಬ್ಲಾಕಿನ ಒಂದು ಗ್ಯಾಸ್ ಏಜೆನ್ಸಿಯಲ್ಲಿ ಸಿಲಿಂಡರ್ ಬುಕ್ ಮಾಡಿಕೊಳ್ಳುವ ಫೋನಿನ ಮುಂದೆ ಕೂರುವವಳು. ಮೌನೇಶ ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಮೆಕ್ಯಾನಿಕ್. ಇಬ್ಬರೂ ಬೆಳಿಗ್ಗೆ ಎಂಟೂವರೆಗೆ ಹೊರಟರೆ ವಾಪಸು ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಮಗಳು ಸಿಂಚನಾಳಿಗೆ ಮೂರು ವರ್ಷ ಎಂಟು ತಿಂಗಳು. ಅವಳನ್ನು ನೋಡಿಕೊಳ್ಳಲೆಂದು ಮೌನೇಶನ ತಾಯಿ ಶರಣಮ್ಮ ಸುರಪುರದಿಂದ ಬಂದು ಮೂರು ವರ್ಷವಾಗಿತ್ತು.

ಊಟ ಯಾರು ಮಾಡಿಸುತ್ತಾರೆ, ಮಧ್ಯಾಹ್ನ ನಿದ್ದೆ ಮಾಡುತ್ತದೆಯೇ, ಲಸಿಕೆ ಎಲ್ಲ ಹಾಕಿಸಿದ್ದೀರಾ ಎಂದು ವಾರಿಜಾ ಕೇಳುತ್ತ ಹೋದರು. ಭಾಗ್ಯಜ್ಯೋತಿ ಉತ್ತರ ಕೊಡುತ್ತ ಹೋದಳು. ಶರಣಮ್ಮ ಅಡಿಗೆಮನೆಯ ಬಾಗಿಲಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದಳು. ಮಗು ಕಿಟಕಿಯ ಕೆಳಗೆ ಬಟ್ಟೆ ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುತ್ತಿತ್ತು.

"ಮಗು ಈಗ ಸುಮಾರು ಎಷ್ಟು ಪದ ಮಾತಾಡುತ್ತೆ?"

ಗೋಡೆಗೊರಗಿ ಪೇಪರು ಓದುತ್ತಿದ್ದ ಮೌನೇಶ ತಲೆಯೆತ್ತಿದ. ಶೇಂಗಾ ಬಿಡಿಸುತ್ತಿದ್ದ ಶರಣಮ್ಮನ ಕೈ ನಿಂತಿತು.

"ಒಂದಿಪ್ಪತ್ತು ಇರ್ಬೋದು ಮೇಡಂ" ಎಂದಳು ಭಾಗ್ಯಜ್ಯೋತಿ.

"ಯಾವುದಾದ್ರೂ ನಾಲ್ಕು ಹೇಳಿ, ಬರ್ಕೋತೀನಿ. ಅಮ್ಮ ಅಂತಾಳಾ?"

"ಅಂತಾಳೆ. ಅಂದ್ರೆ, ಇನ್ನೂ ಸರಿಯಾಗಿ ಅನ್ನಲ್ಲ."

ಮೌನೇಶ ಪೇಪರು ಮಡಚಿಟ್ಟ. "ನಮ್ ಮನಿತನದಾಗ ಎಲ್ಲರಿಗೂ ಮಾತು ತಡಾನೇ ಬರೋದು ಮೇಡಂ. ನಾನೂ ನಾಕು ವರ್ಷಕ್ಕ ಮಾತಾಡೀನಂತ. ಕೇಳ್ರಿ ನಮ್ಮವ್ವನ್ನ."

ಶರಣಮ್ಮ ತಲೆಯೆತ್ತಲಿಲ್ಲ.

ಅಷ್ಟರಲ್ಲಿ ಎದುರು ಕಟ್ಟುತ್ತಿದ್ದ ಮನೆಯ ಮೇಲಿನಿಂದ ಒಂದು ಕಬ್ಬಿಣದ ಸೆಂಟ್ರಿಂಗ್ ಶೀಟು ಧಡಾರನೆ ರಸ್ತೆಗೆ ಬಿತ್ತು. ವಾರಿಜಾರ ಕೈಯಿಂದ ಪೆನ್ನು ಜಾರಿತು. ಭಾಗ್ಯಜ್ಯೋತಿ ಎದೆ ಹಿಡಿದುಕೊಂಡಳು. ಕೆಳಗೆ ಮಂಗಮ್ಮ ಯಾರನ್ನೋ ಬೈಯುವುದು ಕೇಳಿಸಿತು. ಸಿಂಚನಾ ಮಾತ್ರ ಕೆಂಪು ಕ್ಲಿಪ್ಪಿನ ಪಕ್ಕ ಇನ್ನೊಂದು ಕೆಂಪು ಕ್ಲಿಪ್ಪನ್ನು ಇಟ್ಟು, ಅದು ನೆಟ್ಟಗಿದೆಯೇ ಎಂದು ತಲೆ ಓರೆ ಮಾಡಿ ನೋಡಿದಳು.

ವಾರಿಜಾ ಎದ್ದು ಅವಳ ಹಿಂದೆ ಹೋಗಿ ನಿಂತು ಮೂರು ಸಲ ಹೆಸರು ಹಿಡಿದು ಕರೆದರು. ಮಗು ತಿರುಗಲಿಲ್ಲ. ವಾಪಸು ಬಂದು ಕೂತು, ಫಾರಂ ತುಂಬಿ, ಚಹಾ ಕುಡಿದರು. ಹೊರಡುವಾಗ ಬಾಗಿಲಲ್ಲಿ ನಿಂತರು.

"ಇದು ನಾನು ಹೇಳಬೇಕಾದ ವಿಷಯ ಅಲ್ಲ. ಕೇಳಿ ಬರ್ಕೊಂಡು ಬಾ ಅಂತಷ್ಟೇ ನಮಗೆ ಹೇಳಿರೋದು. ಆದ್ರೂ ಹೇಳ್ತೀನಿ, ಮಗು ಕಿವೀನ ಒಂದ್ಸಲ ತೋರ್ಸಿಬಿಡಿ. ಆಗಸ್ಟ್ ಕೊನೇಲಿ ಎರಡನೇ ಸುತ್ತಿಗೆ ಮತ್ತೆ ಬರ್ತೀನಿ."

ಅವರು ಹೋದ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಮಧ್ಯಾಹ್ನಕ್ಕೆ ರೊಟ್ಟಿ, ಪುಂಡಿಪಲ್ಯ ಆಗಿತ್ತು. ಎಲ್ಲರೂ ಉಂಡರು.

ಎರಡು ವಾರ ಕಳೆದು, ಇಬ್ಬರೂ ರಜೆ ಹಾಕಿ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಗೋಡೆಗೆಲ್ಲ ದಿಂಬಿನಂಥದ್ದು ಹೊಡೆದಿದ್ದ ಒಂದು ಸಣ್ಣ ಕೋಣೆಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಭಾಗ್ಯಜ್ಯೋತಿ ಕೂತಳು. ಒಂದಾದ ಮೇಲೊಂದು ಸದ್ದು ಬರುತ್ತ ಹೋಯಿತು. ಕೊನೆಕೊನೆಯದು ಅವಳಿಗೇ ತಡೆಯಲಾರದಷ್ಟು ಜೋರಾಗಿತ್ತು. ಮಗು ಅವಳ ಬಳೆಗಳನ್ನು ಒಂದೊಂದಾಗಿ ಸರಿಸುತ್ತಿತ್ತು. ಇನ್ನೊಂದು ದಿನ ನಿದ್ದೆ ಬರಿಸಿ, ತಲೆಗೆ ತಂತಿ ಅಂಟಿಸಿ ನೋಡಿದರು.

"ಎರಡೂ ಕಿವಿ" ಎಂದರು ಡಾಕ್ಟರು. "ಹುಟ್ಟಿದಾಗಿಂದ್ಲೇ ಇರ್ಬೇಕು. ಒಂದು ವರ್ಷದೊಳಗೆ ತಂದಿದ್ರೆ ತುಂಬ ಅನುಕೂಲ ಆಗ್ತಿತ್ತು. ಮೆಷಿನ್ ಹಾಕೋಣ, ಥೆರಪಿ ಕೊಡೋಣ. ಮನೇಲಿ ಯಾರೂ ಗಮನಿಸಲಿಲ್ವಾ?"

ಮೌನೇಶ ಹೆಂಡತಿಯ ಮುಖ ನೋಡಿದ. ಭಾಗ್ಯಜ್ಯೋತಿ ನೆಲ ನೋಡಿದಳು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದರು.

ಆ ಸಂಜೆ ಶರಣಮ್ಮ ಮೂವರಿಗೂ ತಾಟು ಹಾಕಿ ರೊಟ್ಟಿ ಬಡಿಸಿದಳು. ಮಗುವಿಗೆ ಅನ್ನ ಕಲಸಿ ಮೊದಲೇ ಉಣ್ಣಿಸಿಯಾಗಿತ್ತು. ಭಾಗ್ಯಜ್ಯೋತಿ ರೊಟ್ಟಿ ಮುರಿದು ಕೈಯಲ್ಲೇ ಹಿಡಿದಳು.

"ಅತ್ತಿ, ಮೂರು ವರ್ಷ ಹಗಲೆಲ್ಲ ನಿಮ್ಮ ಕೈಯಾಗೇ ಇದ್ದಾಳ. ನಿಮಗ ಒಂದು ದಿನಾನೂ ಅನಿಸಲಿಲ್ಲೇನು?"

ಶರಣಮ್ಮ ಶೇಂಗಾ ಹಿಂಡಿಯ ಡಬ್ಬಿಯ ಮುಚ್ಚಳ ಹಾಕಿದಳು. "ಅನಿಸಿತ್ತವ್ವ. ದೀಪಾವಳಿ ದಿನ ಗೊತ್ತಾತು. ಓಣಿ ತುಂಬ ಪಟಾಕಿ. ಕೂಸು ನನ್ನ ತೊಡಿಮ್ಯಾಲ ಮಲಗಿತ್ತು. ಕಣ್ಣಿನ ರೆಪ್ಪಿ ಅಲುಗಲಿಲ್ಲ."

"ಮತ್ತ ಯಾಕ ಹೇಳಲಿಲ್ಲ?"

"ಹೇಳೀನಿ."

ಭಾಗ್ಯಜ್ಯೋತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಗಂಡನ ಕಡೆ ತಿರುಗಿದಳು. ಮೌನೇಶನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತ್ತು. ಅದನ್ನು ನುಂಗಿ ನೀರು ಕುಡಿದ.

"ನಾನೇ ಸುಮ್ಮನಿರು ಅಂದೆ ಅವ್ವಗ. ಆವಾಗ ನಿನಗ ಹೊಟ್ಯಾಗಿಂದು ಹೋಗಿ ಎಂಟು ದಿನ ಆಗಿತ್ತು ಜ್ಯೋತಿ. ಗ್ವಾಡಿ ಕಡೆ ಮುಖ ಮಾಡಿ ಮಲಗ್ತಿದ್ದಿ, ಯಾರ ಸಂಗಾಟನೂ ಮಾತಿಲ್ಲ. ಆ ಹೊತ್ತಿಗೆ ಇದನ್ನ ಹ್ಯಾಂಗ ಹೇಳ್ಲಿ? ನಾಕು ದಿನ ಕಳೀಲಿ ಅಂದೆ."

"ನಾಕು ದಿನ ಕಳ್ದು ಎಂಟು ತಿಂಗಳಾತು" ಎಂದಳು ಭಾಗ್ಯಜ್ಯೋತಿ.

"ಆಮ್ಯಾಲ ನನಗೇ ಅನಿಸ್ತು, ಇರಲಿಕ್ಕಿಲ್ಲ ಅಂತ. ಒಂದೊಂದು ಸರ್ತಿ ತಿರುಗಿ ನೋಡ್ತಿದ್ಳು. ಕೇಳಸ್ತದ ಅಂತ ತಿಳ್ಕೊಂಡೆ."

"ನಿನಗ ಬೇಕಾದಂಗ ತಿಳ್ಕೊಂಡಿ" ಎಂದಳು ಶರಣಮ್ಮ ಮಗನಿಗೆ.

"ನೀ ಸುಮ್ನಿರವ್ವ. ನೀನೇನು ನನ್ನ ಮಾತು ಮೀರಿ ಹೇಳೀಯೇನು?"

"ಮಗನ ಸಂಸಾರದಾಗ ಇದ್ದಾಕಿ ನಾನು. ಮಗ ಬ್ಯಾಡ ಅಂದಿದ್ದು ಸೊಸಿ ಮುಂದ ಹೇಳಿ ಎಲ್ಲಿ ಇರ್ಲಿ?"

ಭಾಗ್ಯಜ್ಯೋತಿ ರೊಟ್ಟಿಯ ಚೂರನ್ನು ತಾಟಿನಲ್ಲಿಟ್ಟಳು. ಅವಳ ದನಿ ಏರಲಿಲ್ಲ. "ನಾನೂ ನೋಡೀನಿ" ಎಂದಳು. "ಯುಗಾದಿ ಮುಂದ, ಒಂದು ಭಾನುವಾರ. ನೀವಿಬ್ಬರೂ ಮಾರ್ಕೆಟ್ಟಿಗೆ ಹೋಗಿದ್ರಿ. ಆಕಿ ಹಿಂದ ನಿಂತು ಈ ತಾಟು ತಗೊಂಡು ಸೌಟಿಲೆ ಬಡಿದೆ. ತಿರುಗಿದ್ಳು. ಕೇಳ್ತದ ಅಂತ ಎತ್ಕೊಂಡು ಮುದ್ದು ಮಾಡಿದೆ. ನನ್ನ ನೆರಳು ಗ್ವಾಡಿಮ್ಯಾಲ ಬಿದ್ದಿತ್ತು. ನೆರಳು ನೋಡಿ ತಿರುಗ್ಯಾಳ ಅಂತ ನನಗ ಅವತ್ತೇ ಗೊತ್ತಿತ್ತು. ಎರಡನೇ ಸರ್ತಿ ಬಡೀಲಿಲ್ಲ ನಾನು."

ಮೂವರೂ ಉಣ್ಣದೆ ಎದ್ದರು. ರೊಟ್ಟಿಗಳನ್ನು ಮರುದಿನ ಶರಣಮ್ಮ ಮುರಿದು ಒಗ್ಗರಣೆ ಹಾಕಿದಳು.

ಜುಲೈ ಮೊದಲ ವಾರ ಆಸ್ಪತ್ರೆಯ ನೆರವಿನಿಂದ ಮೆಷಿನ್ ಸಿಕ್ಕಿತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ಅದನ್ನು ಎದೆಯ ಮೇಲೆ ಬಟ್ಟೆಯ ಚೀಲದಲ್ಲಿ ಕಟ್ಟಬೇಕು, ಅದರಿಂದ ಎರಡು ತಂತಿ ಕಿವಿಗೆ ಹೋಗಬೇಕು. ಸಿಂಚನಾ ಮೊದಲ ದಿನವೇ ಅದನ್ನು ಕಿತ್ತು ಅಕ್ಕಿ ಡಬ್ಬಿಯೊಳಗೆ ಹಾಕಿದಳು. ಮಂಗಮ್ಮ ಕೆಳಗಿನಿಂದ ಬಂದು ನೋಡಿ, "ಏನ್ ಮಾಡ್ತೀಯಾ ಬಿಡಮ್ಮ, ಅಭ್ಯಾಸ ಆಗ್ಬೇಕು ಮಗೂಗೆ" ಎಂದು ಒಂದು ಹಳೆಯ ಸೀರೆಯ ಅಂಚಿನಿಂದ ಗಟ್ಟಿಯಾದ ಚೀಲ ಹೊಲಿದುಕೊಟ್ಟಳು.

ವಾರಕ್ಕೆ ಎರಡು ದಿನ ಮಾತು ಕಲಿಸುವ ತರಗತಿ. ಕಲಿಸುವವಳು ಚಿಕ್ಕ ವಯಸ್ಸಿನ ಹುಡುಗಿ, ಕೆಲಸದಲ್ಲಿ ಶ್ರದ್ಧೆಯಿದ್ದವಳು. ಭಾಗ್ಯಜ್ಯೋತಿ ಏಜೆನ್ಸಿಯಲ್ಲಿ ಕೇಳಿಕೊಂಡು ಆ ದಿನಗಳಲ್ಲಿ ಮಧ್ಯಾಹ್ನವೇ ಹೊರಟು, ಮನೆಗೆ ಬಂದು ಮಗುವನ್ನು ಕರೆದುಕೊಂಡು ಹೋಗುತ್ತಿದ್ದಳು.

"ಮಗು ಮುಂದೆ ಕೂತು, ಮುಖಕ್ಕೆ ಮುಖ ಕೊಟ್ಟು, ದಿನವಿಡೀ ಮಾತಾಡ್ತಾ ಇರಿ" ಎಂದು ಆ ಹುಡುಗಿ ಹೇಳಿದಳು. "ಇನ್ನೊಂದು ಮುಖ್ಯ ವಿಷಯ. ಕೈಸನ್ನೆ ಬೇಡ. ಇವಳು ಎಲ್ಲದಕ್ಕೂ ಕೈ ಎತ್ತಾಳೆ. ಮನೇಲಿ ಯಾರೋ ಉತ್ತರ ಕೊಡ್ತಿದಾರೆ ಅಂತರ್ಥ. ಕೈಗೆ ಉತ್ತರ ಸಿಕ್ತಾ ಇದ್ರೆ ಬಾಯಿಗೆ ಯಾಕೆ ಕಷ್ಟ ಕೊಡುತ್ತೆ ಮಗು? ಕೈ ಎತ್ತಿದ್ರೆ ಮೆಲ್ಲಗೆ ಕೆಳಗಿಳಿಸಿ, ನಿಮ್ಮ ತುಟಿ ತೋರ್ಸಿ. ಯಾರು ಮಗೂ ಜೊತೆ ಹಗಲು ಇರೋದು?"

"ನಮ್ಮತ್ತೆ."

"ಹಾಗಾದ್ರೆ ಅವರಿಗೆ ಸರಿಯಾಗಿ ಹೇಳಿ."

ಶರಣಮ್ಮನಿಗೂ ಮೊಮ್ಮಗಳಿಗೂ ನಡುವೆ ಕೈಯ ಒಂದು ಭಾಷೆಯೇ ಬೆಳೆದಿತ್ತು. ಯಾರೂ ಕೂತು ಕಲಿಸಿದ್ದಲ್ಲ. ಅಂಗೈಗೆ ಅಂಗೈ ತಟ್ಟಿದರೆ ರೊಟ್ಟಿ. ಮುಷ್ಟಿಯನ್ನು ಹೊಟ್ಟೆಗೆ ಒತ್ತಿದರೆ ಹಸಿವು. ಹಣೆಯ ಎರಡೂ ಬದಿಗೆ ಬೆರಳಿಟ್ಟರೆ ಬೆಳಿಗ್ಗೆ ಗೇಟಿಗೆ ಬರುವ ಹಸು. ಕತ್ತಿನ ಹತ್ತಿರ ಕೈ ತಿರುವಿದರೆ ಮಂಗಮ್ಮ, ಏಕೆಂದರೆ ಅವಳು ಬೀಗದ ಕೈಯನ್ನು ಸರಕ್ಕೆ ಕಟ್ಟಿಕೊಂಡಿರುತ್ತಿದ್ದಳು. ಇಂಥವು ಐವತ್ತೋ ಅರವತ್ತೋ ಇದ್ದವು. ಹಗಲೆಲ್ಲ ಆ ಮನೆಯಲ್ಲಿ ಸದ್ದಿಲ್ಲದೆ ಮಾತು ನಡೆಯುತ್ತಿತ್ತು. ಸಂಜೆ ದುಡಿದು ದಣಿದು ಬಂದವರಿಗೆ ಅದು ಅಜ್ಜಿ ಮೊಮ್ಮಗಳ ಆಟವಾಗಿ ಕಂಡಿತ್ತು.

ಸೊಸೆ ಹೇಳಿದ್ದನ್ನು ಶರಣಮ್ಮ ಪೂರ್ತಿ ಕೇಳಿಸಿಕೊಂಡಳು.

"ಮತ್ತ ಹಸಿವಾದ್ರ ಹ್ಯಾಂಗ ಹೇಳ್ಬೇಕು ಕೂಸು?"

"ಬಾಯಿಲೆ ಹೇಳ್ಬೇಕು ಅತ್ತಿ."

"ಬಾಯಿ ಬರೂತನಕ?"

"ಅಲ್ಲೀತನಕ ನಾವು ಗಟ್ಟಿ ಇರ್ಬೇಕು. ಇನ್ನೊಂದದ. ಎಲ್ಲರೂ ಒಂದೇ ನಮೂನಿ ಮಾತಾಡ್ಬೇಕಂತ. ಕುಂದ್ರು ಅಂತ ಒಬ್ಬರು, ಕೂತ್ಕೋ ಅಂತ ಒಬ್ಬರು ಅಂದ್ರ ಗೊಂದಲ ಆಗ್ತದಂತ. ಶಾಲಿಗೆ ಇಲ್ಲೇ ಹೋಗಾಕಿ. ಕೂತ್ಕೋ ಅನ್ರಿ. ತಾಟು ಅನಬ್ಯಾಡ್ರಿ, ತಟ್ಟೆ ಅನ್ರಿ."

ಶರಣಮ್ಮ ಎರಡು ದಿನ ಪ್ರಯತ್ನಪಟ್ಟಳು. ಮಗುವಿನ ಮುಂದೆ ಕೂತು "ತಟ್ಟೆ, ತಟ್ಟೆ" ಎನ್ನುವಳು. ನಡುವೆ ಬಾಯಿ ತಪ್ಪಿ ತಾಟು ಎಂದುಬಿಟ್ಟು ಕಳ್ಳತನ ಮಾಡಿದವಳಂತೆ ಸೊಸೆಯ ಮುಖ ನೋಡುವಳು. ಕೊನೆಗೆ, ತನ್ನಿಂದ ಮಗುವಿನ ಕಲಿಕೆ ಕೆಡುವುದು ಬೇಡವೆಂದು, ಮಗುವಿನ ಎದುರು ಮಾತಾಡುವುದನ್ನೇ ಬಿಟ್ಟಳು. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಿದ್ದಳು.

ಸಿಂಚನಾ ಮುಷ್ಟಿಯನ್ನು ಹೊಟ್ಟೆಗೆ ಒತ್ತಿಕೊಂಡು ಬಂದು ಅಜ್ಜಿಯ ಮುಂದೆ ನಿಲ್ಲುವಳು. ಅಜ್ಜಿ ಬೇರೆ ಕಡೆ ನೋಡುವಳು. ಮಗು ಅವಳ ಗಲ್ಲ ಹಿಡಿದು ಮುಖ ತಿರುಗಿಸಿ ಮತ್ತೆ ತೋರಿಸುವುದು. ಆಮೇಲೆ ಎರಡೂ ಕೈಯಿಂದ ಅಜ್ಜಿಯ ಎದೆಗೆ ಹೊಡೆಯುವುದು. ಮೂರನೆಯ ದಿನ ಅನ್ನದ ತಟ್ಟೆಯನ್ನು ತಳ್ಳಿ, ನೆಲಕ್ಕೆ ಬೋರಲು ಮಲಗಿತು.

"ಜೀವ ಹಿಂಡಿದಂಗ ಆಗ್ತದಪ್ಪ" ಎಂದು ಶರಣಮ್ಮ ಮಗನಿಗೆ ಹೇಳಿದಳು. "ಎದುರಿಗೆ ನಿಂತು ಕೇಳ್ಲಿಕತ್ತದ. ನನಗ ತಿಳೀತದ. ತಿಳೀಲಾರದಂಗ ಕುಂದ್ರು ಅಂತೀರಿ."

"ಅವ್ವ, ಅವರು ಓದಿದವರು. ಆಕಿ ಒಳ್ಳೇದಕ್ಕೇ ಹೇಳ್ತಾರ" ಎಂದ ಮೌನೇಶ. ಅವನಿಗೂ ಹೆಚ್ಚೇನೂ ತೋಚುತ್ತಿರಲಿಲ್ಲ. ಆ ದಿನಗಳಲ್ಲಿ ಯಾವ ಅಪಾರ್ಟ್‌ಮೆಂಟಿನಿಂದ ಕರೆ ಬಂದರೂ ತಾನೇ ಹೋಗುತ್ತೇನೆಂದು ಮುಂದೆ ಬೀಳುತ್ತಿದ್ದ.

ಜುಲೈ ಕೊನೆಯಲ್ಲಿ ಒಂದು ಗುರುವಾರ ಭಾಗ್ಯಜ್ಯೋತಿ ತಲೆನೋವೆಂದು ಏಜೆನ್ಸಿಯಿಂದ ಬೇಗ ಬಂದಳು. ಮನೆಯ ಬಾಗಿಲಿಗೆ ಚಿಲಕ. ತಾರಸಿಗೆ ಹತ್ತಿದಳು. ಒಗೆದು ಹಾಕಿದ ಸೀರೆಗಳ ಮರೆಯಲ್ಲಿ ಅಜ್ಜಿ ಮೊಮ್ಮಗಳು ಕೂತಿದ್ದರು. ಮಗುವಿನ ಎದೆಯ ಚೀಲ ಬಿಚ್ಚಿ ಪಕ್ಕದಲ್ಲಿಟ್ಟಿತ್ತು. ಇಬ್ಬರ ಕೈಯೂ ಬಿಡುವಿಲ್ಲದೆ ಆಡುತ್ತಿದ್ದವು. ಶರಣಮ್ಮ ಹಣೆಗೆ ಬೆರಳಿಟ್ಟು, ಕತ್ತಿನ ಹತ್ತಿರ ಕೈ ತಿರುವಿ, ಸೆರಗನ್ನು ಬಾಯಿಗಿಟ್ಟು ಅಗಿದಂತೆ ಮಾಡಿದಳು; ಹಸು ಮಂಗಮ್ಮನ ಸೀರೆ ತಿಂದ ಕಥೆ ಇರಬೇಕು. ಮಗು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಮೂರು ವಾರದಿಂದ ಅದು ನಕ್ಕಿರಲಿಲ್ಲ.

ಭಾಗ್ಯಜ್ಯೋತಿ ಸೀರೆ ಸರಿಸಿದಳು. ಶರಣಮ್ಮನ ಕೈ ಹಾಗೇ ಗಾಳಿಯಲ್ಲಿ ನಿಂತಿತು.

"ಎಷ್ಟು ದಿನದಿಂದ ನಡೆದದ ಅತ್ತಿ ಇದು?"

"ದಿನಾ ಇಲ್ಲವ್ವ. ನಿನ್ನೆಯಿಂದ ಉಂಡಿಲ್ಲ ಕೂಸು. ಒಂದೀಟು ನಗಿಸಿ, ಉಣ್ಣಿಸಿ—"

"ನಾ ಅಲ್ಲಿ ದಿನಾ ಬೈಸ್ಕೊಂಡು ರಜಾ ಕೇಳ್ತೀನಿ. ಬಸ್ಸಿನ್ಯಾಗ ಎತ್ಕೊಂಡು ಓಡ್ತೀನಿ. ಬೆಳಿಗ್ಗೆ ಎದ್ದು 'ಪ ಪ ಪ' ಅಂತ ಗಂಟಲು ಹರ್ಕೋತೀನಿ. ನೀವಿಲ್ಲಿ ಮೆಷಿನ್ ಬಿಚ್ಚಿಟ್ಟು ಕೂತೀರಿ. ನನಗ ಅಮ್ಮ ಅನ್ನಲಿ ಅಂತ ನಾ ಸಾಯ್ಲಿಕತ್ತೀನಿ ಅತ್ತಿ, ನಿಮಗದು ಗೊತ್ತದನು? ನೀವು ಈ ಮನ್ಯಾಗ ಇರೂತನಕ ಆಕಿ ಮೂಕಿ ಆಗೇ ಉಳೀತಾಳ."

ಮಾತು ಬಾಯಿಂದ ಬಿದ್ದ ಮೇಲೆ ಭಾಗ್ಯಜ್ಯೋತಿಯೇ ಬೆಚ್ಚಿದಳು. ಆದರೆ ತಿರುಗಿ ತೆಗೆದುಕೊಳ್ಳಲಿಲ್ಲ. ಶರಣಮ್ಮ ಚೀಲವನ್ನೆತ್ತಿ, ಮಗುವಿನ ಎದೆಗೆ ಕಟ್ಟಿ, ಗಂಟು ಸರಿಯಾಗಿದೆಯೇ ಎಂದು ನೋಡಿ, ಒಣಗಿದ ಬಟ್ಟೆಗಳನ್ನು ತೆಗೆದುಕೊಂಡು ಕೆಳಗಿಳಿದಳು.

ಮರುದಿನ ಬೆಳಿಗ್ಗೆ ಮಗನಿಗೆ ಚಹಾ ಕೊಡುವಾಗ, "ಭಾನುವಾರದ ಬಸ್ಸಿಗೆ ಚೀಟಿ ಮಾಡಿಸಪ್ಪ" ಎಂದಳು.

"ಯಾಕವ್ವ, ಜ್ಯೋತಿ ಸಿಟ್ಟಿನ್ಯಾಗ ಅಂದಾಳ."

"ಸಿಟ್ಟಿನ್ಯಾಗ ಅಂದ್ರೂ ಅಂದಿದ್ದು ಖರೇನೇ ಇರ್ಬೇಕು. ನನ್ನ ಕೈ ನನ್ನ ಮಾತು ಕೇಳಂಗಿಲ್ಲ. ಸುರಪುರದಾಗ ದುಂಡಪ್ಪನ ಹೆಂಡ್ತೀಗೂ ದಿನ ತುಂಬ್ಯಾವ. ಅಲ್ಲಿ ಬಾಣಂತನಕ್ಕ ಆಗ್ತೀನಿ."

ದುಂಡಪ್ಪ ಅವಳ ಕಿರಿಯ ಮಗ. ಅಲ್ಲೇ ಬಡಗಿ ಕೆಲಸ ಮಾಡುತ್ತಿದ್ದ. ಮೌನೇಶ ಹೆಂಡತಿಯ ಕಡೆ ನೋಡಿದ. ಇರ್ರಿ ಎಂದು ಅವಳು ಒಂದು ಮಾತು ಅಂದರೆ ಸಾಕಿತ್ತು. ಭಾಗ್ಯಜ್ಯೋತಿ ಡಬ್ಬಿಗೆ ಚಿತ್ರಾನ್ನ ತುಂಬುತ್ತ ನಿಂತಿದ್ದಳು. ಮುಚ್ಚಳ ಹಾಕಿ, ಬ್ಯಾಗಿಗಿಟ್ಟುಕೊಂಡು ಹೊರಟಳು.

ಭಾನುವಾರ ಮಧ್ಯಾಹ್ನ ಮಗು ಮಲಗಿದ ಹೊತ್ತು ನೋಡಿ ಶರಣಮ್ಮ ಹೊರಟಳು. ಎಚ್ಚರವಿದ್ದರೆ ಬಿಡುವುದಿಲ್ಲವೆಂದು ಅವಳೇ ಹಾಗೆ ಮಾಡಿದ್ದು. ಎರಡು ಸೀರೆಯ ಗಂಟು, ಒಂದು ಚೀಲ. ಮಲಗಿದ ಮಗುವಿನ ಕೆನ್ನೆ ಮುಟ್ಟಲು ಬಗ್ಗಿದವಳು, ಎದ್ದುಬಿಟ್ಟೀತೆಂದು ಮುಟ್ಟದೆ ಎದ್ದಳು. ಬಾಗಿಲಲ್ಲಿ ಸೊಸೆಗೆ, "ಸಂಜಿಮುಂದ ಮಸರನ್ನ ಮಾಡು, ಬಿಸೀದು ಉಣ್ಣಂಗಿಲ್ಲ ಅದು" ಎಂದಳು. ಭಾಗ್ಯಜ್ಯೋತಿ ಕಾಲಿಗೆ ನಮಸ್ಕಾರ ಮಾಡಿದಳು. ಶರಣಮ್ಮ ಅವಳ ತಲೆಯ ಮೇಲೆ ಕೈಯಿಟ್ಟು ತೆಗೆದಳು.

ಮಗು ನಾಲ್ಕು ಗಂಟೆಗೆ ಎದ್ದಿತು. ಅಡಿಗೆಮನೆ ನೋಡಿತು. ಬಚ್ಚಲು ನೋಡಿತು. ತಾರಸಿಗೆ ಕರೆದುಕೊಂಡು ಹೋಗೆಂದು ಅಮ್ಮನ ಸೆರಗು ಜಗ್ಗಿತು. ಅಲ್ಲಿ ಒಂದೊಂದು ಸೀರೆಯನ್ನೂ ಸರಿಸಿ ಸರಿಸಿ ನೋಡಿತು. ಆಮೇಲೆ ಕೆಳಗಿಳಿದು ಮಂಗಮ್ಮನ ಮನೆಯ ಮಂಚದ ಅಡಿಯಲ್ಲೂ ನೋಡಿತು. ಎಂಟು ದಿನ ಬಾಗಿಲು ಬಡಿದಾಗಲೆಲ್ಲ, ಕೇಳಿಸದಿದ್ದರೂ ದೊಡ್ಡವರು ಎದ್ದದ್ದು ಕಂಡು, ತಾನೇ ಮೊದಲು ಓಡುತ್ತಿತ್ತು.

ಭಾಗ್ಯಜ್ಯೋತಿ ಕೆಲಸ ಬಿಟ್ಟಳು. ಏಜೆನ್ಸಿಯ ಮಾಲೀಕರು, "ನಿನ್ನಷ್ಟು ಸಮಾಧಾನವಾಗಿ ಗಿರಾಕಿಗಳ ಜೊತೆ ಮಾತಾಡೋರು ಸಿಗಲ್ಲಮ್ಮ" ಎಂದರು. ಆಗಸ್ಟ್ ತಿಂಗಳೆಲ್ಲ ಅವಳು ಮಗಳ ಎದುರು ಕೂತು ಮಾತಾಡಿದಳು. ನೀರು ತೋರಿಸಿ ನೀರು, ಹಾಲು ತೋರಿಸಿ ಹಾಲು. ತನ್ನ ಎದೆಯ ಮೇಲೆ ಮಗುವಿನ ಅಂಗೈ ಇಟ್ಟುಕೊಂಡು ಅಮ್ಮ, ಅಮ್ಮ, ಅಮ್ಮ. ಮಗು ಅವಳ ತುಟಿಯನ್ನೇ ನೋಡುವುದು, ತನ್ನ ತುಟಿಯನ್ನೂ ಹಾಗೇ ಕೂಡಿಸುವುದು. ದನಿ ಬರುತ್ತಿರಲಿಲ್ಲ, ಬಂದರೆ ಅದು ಬೇರೆ ಏನೋ ಆಗಿರುತ್ತಿತ್ತು. ಮಗು ಕೈ ಎತ್ತಿದಾಗಲೆಲ್ಲ ಅವಳು ಮೆಲ್ಲಗೆ ಕೆಳಗಿಳಿಸುವಳು. ಕೆಲವು ಸಲ ಮೆಲ್ಲಗೆ, ದಣಿದಿದ್ದರೆ ಅಷ್ಟು ಮೆಲ್ಲಗಲ್ಲ. ಒಂದು ದಿನ ಕೈಯ ಮೇಲೆ ಪಟ್ಟನೆ ಹೊಡೆದೂ ಬಿಟ್ಟಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು.

ಅತ್ತೆ ಸೊಸೆಯರ ನಡುವೆ ಮಾತಿರಲಿಲ್ಲ. ಸುರಪುರದಲ್ಲಿ ದುಂಡಪ್ಪನ ಅಂಗಡಿಯ ಪಕ್ಕದ ಕಿರಾಣಿಯಲ್ಲಿ ಫೋನಿತ್ತು. ಮೌನೇಶ ವಾರಕ್ಕೊಮ್ಮೆ ಅಲ್ಲಿಗೆ ಮಾತಾಡಿ ಬಂದು, "ಅವ್ವ ಆರಾಮ ಅದಾಳ. ಕೂಸು ಉಂಡದೇನು ಅಂತ ಕೇಳಿದ್ಳು" ಎನ್ನುತ್ತಿದ್ದ. ಪ್ರತಿ ವಾರವೂ ಅಷ್ಟೇ.

ಆಗಸ್ಟ್ ಕೊನೆಯ ಭಾನುವಾರ ವಾರಿಜಾ ಮೇಡಂ ಎರಡನೇ ಸುತ್ತಿಗೆ ಬಂದರು. ಮೌನೇಶ ಡ್ಯೂಟಿಗೆ ಹೋಗಿದ್ದ. ಭಾಗ್ಯಜ್ಯೋತಿ ಪುಂಡಿಸೊಪ್ಪು ಬಿಡಿಸುತ್ತ ಕೂತಿದ್ದಳು.

"ಹಗಲು ಮಗೂನ ಯಾರು ನೋಡ್ಕೊಳ್ತಾರೆ?"

"ನಾನೇ ಮೇಡಂ. ಕೆಲ್ಸ ಬಿಟ್ಟೆ."

"ಅಜ್ಜಿ?"

"ಊರಿಗೆ ಹೋದ್ರು."

ವಾರಿಜಾ ಮಗುವಿನ ಎದೆಯ ಮೇಲಿನ ಚೀಲವನ್ನು ನೋಡಿದರು. "ನಾನು ಅವತ್ತು ಬಾಗಿಲಲ್ಲಿ ನಿಂತು ಹಾಗೆ ಹೇಳಿ ಹೋಗಬಾರದಿತ್ತೇನೋ" ಎಂದರು.

"ನೀವು ಹೇಳಿದ್ದು ಒಳ್ಳೇದೇ ಆಯ್ತು. ನಾವೇ ಒಬ್ಬರಿಗೊಬ್ಬರು ಮೊದ್ಲೇ ಹೇಳ್ಕೋಬೇಕಿತ್ತು."

"ಈಗ ಎಷ್ಟು ಪದ ಹೇಳ್ತಾಳೆ?"

"ಮೂರು. ಬಾ ಅಂತಾಳೆ. ಪಾಪ ಅಂತಾಳೆ. ಹಾಲಿಗೆ ಆ ಅಂತಾಳೆ. ಅಮ್ಮ ಅಂತ ಒಂದು ಸಲಾನೂ ಅಂದಿಲ್ಲ ಮೇಡಂ. ಇದೇ ಬರ್ಕೊಳ್ಳಿ, ಹೋದ್ಸಲ ಇಪ್ಪತ್ತು ಅಂತ ಸುಳ್ಳು ಹೇಳ್ದೆ."

ಆಗ ಮಗು ಒಳಕೋಣೆಯಿಂದ ಬಂದು ತಾಯಿಯ ಎದುರು ನಿಂತಿತು. ತೋರುಬೆರಳನ್ನು ಮೂಗಿನ ಪಕ್ಕಕ್ಕಿಟ್ಟು ಒತ್ತಿತು. ಭಾಗ್ಯಜ್ಯೋತಿ ರೂಢಿಯಂತೆ ಆ ಕೈಯನ್ನು ಕೆಳಗಿಳಿಸಿ ತನ್ನ ತುಟಿ ತೋರಿಸಿದಳು. ಮಗು ಮತ್ತೆ ಬೆರಳಿಟ್ಟು ಒತ್ತಿತು. ಮತ್ತೆ ಇಳಿಸಿದಳು.

"ಏನು ಹೇಳ್ತಿದಾಳೆ ಅವಳು?" ವಾರಿಜಾ ಕೇಳಿದರು.

"ಗೊತ್ತಿಲ್ಲ ಮೇಡಂ. ದಿನಕ್ಕೆ ನೂರು ಸಲ ಮಾಡ್ತಾಳೆ. ನೆಗಡಿ ಇರ್ಬೇಕು ಅಂತ ನಾನು ಮೂಗು ಒರೆಸ್ತೀನಿ. ಅವರಜ್ಜಿ ಜೊತೆ ಇಂಥವು ಏನೇನೋ ಇತ್ತು ಇವಳದು."

"ಅವರನ್ನ ಕೇಳ್ಬೋದಲ್ಲ."

ಭಾಗ್ಯಜ್ಯೋತಿ ಸೊಪ್ಪಿನ ದಂಟುಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು. "ಕೈಲಿ ಹೇಳೋ ಪದಕ್ಕೆ ನಿಮ್ಮ ಫಾರಮ್ಮಲ್ಲಿ ಜಾಗ ಇದ್ಯಾ ಮೇಡಂ?"

"ಇಲ್ಲ" ಎಂದರು ವಾರಿಜಾ. "ಇರಬೇಕಿತ್ತು."

ಸಂಜೆ ಐದು ಗಂಟೆಗೆ ಭಾಗ್ಯಜ್ಯೋತಿ ಮಗುವನ್ನು ಮಂಗಮ್ಮನ ಹತ್ತಿರ ಬಿಟ್ಟು ರಸ್ತೆಯ ತುದಿಯ ಎಸ್‌ಟಿಡಿ ಬೂತಿಗೆ ಹೋದಳು. ಮೊದಲು ಕಿರಾಣಿಯವನಿಗೆ ಹೇಳಿ ಕರೆಸಬೇಕು, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಬೇಕು. ಆ ಹತ್ತು ನಿಮಿಷ ಬೂತಿನ ಹೊರಗೆ ನಿಂತಳು. ಹಿಂದಕ್ಕೆ ಹೋಗಿಬಿಡೋಣ ಎಂದು ಒಮ್ಮೆ ಅನ್ನಿಸಿತು.

"ಅತ್ತಿ, ನಾನು ಜ್ಯೋತಿ."

"ಕೂಸು ಉಂಡದೇನವ್ವ?"

"ಉಂಡಾಳ್ರಿ. ಅತ್ತಿ, ಒಂದು ಕೇಳ್ಬೇಕಾಗಿತ್ತು. ಸಿಂಚು ಬೆರಳು ಮೂಗಿನ ಬಾಜೂಕ ಇಟ್ಟು ಒತ್ತತಾಳ. ಏನು ಬೇಕು ಅಂದಂಗದು?"

"ಎಡಕ್ಕೋ, ಬಲಕ್ಕೋ?"

"ಎಡಕ್ಕ."

"ಅದು ನೀನವ್ವ" ಎಂದಳು ಶರಣಮ್ಮ.

"ನಾನಂದ್ರ?"

"ನಿನ್ನ ಮೂಗುಬಟ್ಟು. ಕೂಸು ನಿನಗ ಇಟ್ಟ ಹೆಸರು ಅದು. ನಾ ಕಲಿಸಿದ್ದಲ್ಲ, ತಾನೇ ಮಾಡ್ಕೊಂಡದ. ಎರಡು ವರ್ಷಾತು. ಸಂಜಿಕ ಕಿಟಕ್ಯಾಗ ನಿಂತು ಹಂಗ ಮಾಡಿ ನನ್ನ ಕೇಳ್ತಿತ್ತು, ಯಾವಾಗ ಬರ್ತಾಳ ಅಂತ. ನೀ ಗೇಟು ತೆಗೆಯೂತನಕ ಬೆರಳು ಇಳಸ್ತಿರಲಿಲ್ಲ."

ಭಾಗ್ಯಜ್ಯೋತಿ ಬೂತಿನ ಗಾಜಿಗೆ ಒರಗಿದಳು. "ನನಗ ಒಂದು ದಿನಾನೂ ಯಾಕ ಹೇಳಲಿಲ್ಲ ಅತ್ತಿ?"

"ನಿನ್ನ ಮುಂದೂ ಮಾಡ್ತಿತ್ತಲ್ಲ ಯವ್ವ. ನಿನಗ ಗೊತ್ತದ ಅಂತ ತಿಳಿದಿದ್ದೆ ನಾನು."

"ಬರ್ರಿ ಅತ್ತಿ. ಅವತ್ತು ನಾ ಅಂದದ್ದು ಹೊಟ್ಯಾಗ ಹಾಕ್ಕೊಂಡು ಬರ್ರಿ."

"ಅದೆಲ್ಲ ಬಿಡು. ನಾ ಬಂದ್ರ ಬಾಯಿ ಕಲಿಯಂಗಿಲ್ಲ ಅಂದಾರಲ್ಲ. ಕಲಿಯಲಿ ಮೊದಲ. ನಾ ಎಷ್ಟು ದಿನ ಇರಾಕಿ. ನನಗೂ ಒಂದು ಹೆಸರಿತ್ತು. ಹೋಗ್ಲಿ, ಅದನ್ನ ಮರೀಲಿ ಅದು."

ಹೆಸರೇನೆಂದು ಭಾಗ್ಯಜ್ಯೋತಿ ಕೇಳುವಷ್ಟರಲ್ಲಿ ಶರಣಮ್ಮ ಫೋನನ್ನು ಕಿರಾಣಿಯವನ ಕೈಗೆ ಕೊಟ್ಟಿದ್ದಳು.

ಅವಳು ಓಡುನಡಿಗೆಯಲ್ಲಿ ಮನೆಗೆ ಬಂದಳು. ಗೇಟಿನ ಒಳಗೆ ಮೆಟ್ಟಿಲ ಮೇಲೆ ಮಂಗಮ್ಮನ ಪಕ್ಕ ಮಗು ಕೂತಿತ್ತು. ತಾಯಿಯನ್ನು ಕಂಡದ್ದೇ ಎದ್ದು ನಿಂತಿತು. ಬೆರಳು ಮೇಲಕ್ಕೆ ಬಂತು, ಗಲ್ಲದ ತನಕ ಬಂತು, ಅಲ್ಲೇ ನಿಂತಿತು. ಆಮೇಲೆ ಮಗು ಆ ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, ಕಲಿಸಿಕೊಟ್ಟಂತೆ ಬಾಯಿ ತೆರೆದು, "ಬಾ" ಎಂದಿತು.

"ನೋಡಿದ್ಯಾ, ಎಷ್ಟು ಚೆನ್ನಾಗಿ ಹೇಳ್ತು" ಎಂದಳು ಮಂಗಮ್ಮ.

ಭಾಗ್ಯಜ್ಯೋತಿ ಮೆಟ್ಟಿಲ ಕೆಳಗೆ ಮಂಡಿಯೂರಿದಳು. ಬೆನ್ನ ಹಿಂದಿದ್ದ ಕೈಯನ್ನು ಹಿಡಿದು ಮುಂದಕ್ಕೆ ತಂದಳು. ಮಗು ಬಿಗಿ ಹಿಡಿಯಿತು, ಬಿಡಲಿಲ್ಲ. ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತೋರುಬೆರಳನ್ನು ತನ್ನ ಮೂಗುಬಟ್ಟಿನ ಮೇಲೆ ಇಟ್ಟುಕೊಂಡಳು. ಮಗು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ, ಒತ್ತಲೂ ಇಲ್ಲ. ಹೊಡೆಯುತ್ತಾಳೋ ಏನೋ ಎಂದು ಅವಳ ಕಣ್ಣನ್ನೇ ನೋಡುತ್ತ ನಿಂತಿತು.